ಗಿರಣಿ ಶಂಕ್ರಕ್ಕನ ಸೋವಿ ಮ್ಯಾಂಡೋಲಿನ್

ಅಂಗಡಿಯವನು ಮ್ಯಾಂಡೋಲಿನ್ ಕೈಗೆ ಕೊಟ್ಟ ಕೂಡಲೇ ಶಂಕ್ರಕ್ಕ ಅದನ್ನು ಬಾರಿಸುತ್ತಿರಲಿಲ್ಲ. ಬುಡವನ್ನು ಕೆನ್ನೆಗೆ ಆನಿಸಿ, ಒಂದು ಕಣ್ಣು ಮುಚ್ಚಿ, ಬಂದೂಕಿನಂತೆ ಅವನ ಕಡೆಗೇ ಗುರಿ ಹಿಡಿಯುತ್ತಿದ್ದಳು. ವಾದ್ಯದ ಕುತ್ತಿಗೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡುವ ರೀತಿ ಅದು. ಹಣೆ ತುಂಬ ವಿಭೂತಿ, ನಡುವೆ ದೊಡ್ಡ ಕುಂಕುಮ, ಸೀರೆಯ ನೆರಿಗೆಗಳಲ್ಲೆಲ್ಲ ಜೋಳದ ಹಿಟ್ಟು. ಇಂಥ ಹೆಂಗಸು ಗುರಿಯಿಟ್ಟದ್ದನ್ನು ಕಂಡು ಹುಬ್ಬಳ್ಳಿಯ ಅಂಗಡಿಯವನೊಬ್ಬ ನಿಜವಾಗಿಯೂ ಪಕ್ಕಕ್ಕೆ ಸರಿದು ನಿಂತಿದ್ದ.

ಗುಡಗೇರಿಯಲ್ಲಿ ನನ್ನ ಹೊಲಿಗೆ ಅಂಗಡಿಗೆ ಹೊಂದಿಕೊಂಡೇ ಅವಳ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಸದ್ದಿಗೆ ಜಗ್ಗದೆ ಅವಳು ಮ್ಯಾಂಡೋಲಿನ್ ಬಾರಿಸುತ್ತಿದ್ದಳು, ಮ್ಯಾಂಡೋಲಿನ್ ಸದ್ದಿಗೆ ಜಗ್ಗದೆ ನಾನು ರವಿಕೆ ಹೊಲಿಯುತ್ತಿದ್ದೆ. ಅಣ್ಣಿಗೇರಿಯ ತವರಿನಲ್ಲಿ ಅವಳ ಅಣ್ಣ ಮದುವೆ ಬ್ಯಾಂಡಿನಲ್ಲಿದ್ದ. ಅವನು ಬಾರಿಸುವುದನ್ನು ನೋಡಿಯೇ ಕಲಿತಳು. ಊರಿನ ಹೆಂಗಸರ ಭಜನಾ ಮಂಡಳಿಗೆ ಅವಳೇ ಯಜಮಾನಿ. ಹಾರ್ಮೋನಿಯಂ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಅದೇನ್ ವಾದ್ಯನಬೇ, ದಮ್ಮು ಹತ್ತಿದ ಪೆಟ್ಟಿಗಿ" ಎನ್ನುತ್ತಿದ್ದಳು. ಅದು ಅನ್ಯಾಯದ ಮಾತು, ಅವಳಿಗೂ ಗೊತ್ತಿತ್ತು. ಹಿಂತೆಗೆದುಕೊಳ್ಳುವ ಜಾಯಮಾನ ಮಾತ್ರ ಅವಳದಲ್ಲ.

ನನಗೂ ಕಲಿಯುವ ಆಸೆ ಹುಟ್ಟಿದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದವಳು ಅವಳೇ. ಅಂಗಡಿಯಲ್ಲಿದ್ದ ತೀರ ಅಗ್ಗದ ಮ್ಯಾಂಡೋಲಿನ್‌ಗಳನ್ನೆಲ್ಲ ಇಳಿಸಲು ಹೇಳಿದಳು. ಮೊದಲು ಗುರಿ ಹಿಡಿದು ನೋಡಿದಳು. ಆಮೇಲೆ ಸೆರಗಿನ ಅಂಚನ್ನು ಕುತ್ತಿಗೆಯ ಬದಿಗೆ ಎಳೆದಳು. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಮೆಟ್ಟುಗಳ ತುದಿಗೆ ನೂಲು ಸಿಕ್ಕಿಕೊಂಡ ವಾದ್ಯಗಳೆಲ್ಲ ವಾಪಸ್ಸು. "ಸೆರಗ ಬಿಡಲಾರದ್ದು ಬೆರಳ ಬಿಡತೈತೇನು?" ಎಂದಳು. ಉಳಿದವುಗಳ ಒಳಗೆ ಇಣುಕಿ, ತೂತಿನ ಅಂಚಿನಲ್ಲಿ ಮರದ ಎಳೆ ಒಂದೇ ಸಮನೆ ಇದೆಯೋ, ಪದರ ಪದರ ಅಂಟಿಸಿದ ಹಲಗೆಯೋ ಎಂದು ನೋಡಿದಳು. ಕೊನೆಗೆ ಒಂದನ್ನು ಆರಿಸಿ ಶ್ರುತಿ ಮಾಡಿ ಗಲ್ಲಾ ಪೆಟ್ಟಿಗೆಯ ಮೇಲಿಟ್ಟು, "ಬಾ, ಚಾ ಕುಡದ ಬರೂಣು" ಎಂದು ನನ್ನನ್ನು ಹೊರಗೆ ಕರೆದಳು. ಚಹಾ ಕುಡಿದು ಬರುವಷ್ಟರಲ್ಲಿ ಶ್ರುತಿ ಇಳಿದಿದ್ದರೆ ಅದರ ತಂತಿ ಬಿಗಿಯುವ ಕಿವಿ ಸಡಿಲ ಎಂದು ಅರ್ಥ. ಅದು ಇಳಿದಿರಲಿಲ್ಲ.

ಅಂಗಡಿಯವನಿಗೆ ಸಾಕಾಗಿಹೋಗಿತ್ತು. "ಅಮ್ಮಾರ, ಸೋವೀದರಾಗ ಇಷ್ಟ ಏನ್ ನೋಡ್ತೀರಿ? ಎಲ್ಲಾ ಒಂದ."

"ತುಟ್ಟೀದು ಕೊಳ್ಳಾವ್ರು ಬೇಕಾದ್ರ ಕಣ್ಣ ಮುಚ್ಚಿ ಕೊಳ್ಳಲೆಪಾ. ಸೋವೀದು ಕೊಳ್ಳಾವ್ರಿಗೆ ಅದು ನಡಿಯಂಗಿಲ್ಲ" ಎಂದಳು ಶಂಕ್ರಕ್ಕ. ಬರುವಾಗ ರೈಲಿನಲ್ಲಿ ನನಗೆ ಬಿಡಿಸಿ ಹೇಳಿದಳು. "ನೋಡ್ಬೇ ಸುಮಿ, ತಂತಿ ಎತ್ತರ ಆಗಿದ್ರ ಇಳಸಬಹುದು. ಕುದುರಿ ಜಾಗಾ ತಪ್ಪಿದ್ರ ಸರಸಬಹುದು. ಕುತ್ತಿಗಿ ಸೊಟ್ಟ ಇದ್ರ ಮಾತ್ರ ಮುಟ್ಟಬ್ಯಾಡ, ಪುಕ್ಕಟ ಕೊಟ್ರೂ ಬ್ಯಾಡ." ಕುದುರೆ ಎಂದರೆ ತಂತಿಗಳ ಕೆಳಗೆ ನಿಲ್ಲುವ ಸಣ್ಣ ಕಟ್ಟಿಗೆ.

ಈ ವಿದ್ಯೆ ಅವಳಿಗೆ ಸುಮ್ಮನೆ ಬಂದದ್ದಲ್ಲ. ಮದುವೆಯಾಗಿ ಬಂದ ಮೊದಲ ವರ್ಷದ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಅತ್ತೆಯವರು ಮನೆಯ ಕುಡಗೋಲು, ಕೊಡಲಿ, ಕುಂಟೆಯ ಕುಡ ಎಲ್ಲವನ್ನೂ ಅಂಗಳಕ್ಕೆ ತಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದರಂತೆ. ಸೊಸೆಯ ವಾದ್ಯಕ್ಕೆ ಮೋಸವಾಗಬಾರದಲ್ಲ, ಮ್ಯಾಂಡೋಲಿನ್ನನ್ನೂ ಬಕೆಟ್ಟಿನಲ್ಲಿ ಅದ್ದಿ ತಿಕ್ಕಿ, ವಿಭೂತಿ ಹಚ್ಚಿ, ಚೆಂಡುಹೂ ಮುಡಿಸಿ ಬಿಸಿಲಿಗಿಟ್ಟರು. ಮಧ್ಯಾಹ್ನದ ಹೊತ್ತಿಗೆ ಅದರ ಬೆನ್ನು ಕಿತ್ತು ಬಂದಿತ್ತು. ಅತ್ತೆ ಗಾಬರಿಯಾಗಿ ಅಳತೊಡಗಿದರೆ ಶಂಕ್ರಕ್ಕ ಬಗ್ಗಿ ಒಳಗೆ ನೋಡುತ್ತ ಕೂತಳು. ಎಲ್ಲೆಲ್ಲಿ ಪಟ್ಟಿ ಕೊಟ್ಟಿದ್ದಾರೆ, ಎಲ್ಲೆಲ್ಲಿ ಕಟ್ಟಿಗೆಪುಡಿ ತುಂಬಿ ಸುಳ್ಳು ಹೇಳಿದ್ದಾರೆ, ಎಲ್ಲ ಕಂಡಿತು. ಬಡಿಗೇರನಿಂದ ಸರೇಸಿನ ಅಂಟು ಇಸಿದುಕೊಂಡು ಹಚ್ಚಿ, ಹಳೆಯ ಸೀರೆಯ ದಡಿ ಸುತ್ತಿ, ಮೇಲೆ ಜೋಳದ ಚೀಲ ಹೇರಿಟ್ಟಳು. ಆ ಮ್ಯಾಂಡೋಲಿನ್ನನ್ನೇ ಬದುಕಿನುದ್ದಕ್ಕೂ ಬಾರಿಸಿದಳು. ಬದಿಯಲ್ಲಿ ಉದ್ದನೆಯ ಗಾಯದ ಗುರುತು, ಬಣ್ಣ ಎಂದೋ ಹೋಗಿತ್ತು. ಕಣ್ಣಿಗೆ ಚೆಂದ ಕಾಣುತ್ತಿತ್ತು ಎಂದು ನಾನೂ ಹೇಳಲಾರೆ.

ಜಗಳ ಶುರುವಾದದ್ದು ಆ ಗಾಯದಿಂದಲೇ. ಶ್ರಾವಣ ಸೋಮವಾರಗಳಂದು ಮಠದ ಕಟ್ಟೆಯ ಮೇಲೆ ಭಜನೆ ನಡೆಯುತ್ತದೆ. ಮೊದಲು ಗಂಡಸರ ಸರದಿ, ಆಮೇಲೆ ನಮ್ಮದು. ಮಠದ ಕಮಿಟಿಯ ಹಿರಿಯರು ಶಿವಪ್ಪಣ್ಣ, ಕಾಳಿನ ವ್ಯಾಪಾರದ ದಲಾಲರು. ಒಂದು ವರ್ಷ ಅವರು ಮಿರಿಮಿರಿ ಮಿಂಚುವ ಹೊಸ ಮ್ಯಾಂಡೋಲಿನ್ ತಂದು ಗಿರಣಿಯ ಕಟ್ಟೆಯ ಮೇಲಿಟ್ಟರು.

"ಅಕ್ಕಾರ, ಈಗ ಎಲ್ಲಾರೂ ಮೊಬೈಲಿನ್ಯಾಗ ಹಿಡದ ಊರೂರಿಗೆ ಕಳಸ್ತಾರು. ಆ ಹರಕ ಸಾಮಾನ ಹಿಡಕೊಂಡ ಕಟ್ಟಿ ಹತ್ತಿದ್ರ ಊರ ಮರ್ಯಾದಿ ಏನ್ ಉಳೀತು? ಇದನ್ನ ಬಾರಸ್ರಿ, ಇಲ್ಲಂದ್ರ ಹಾರ್ಮೋನಿಯಂ ಮ್ಯಾಲೆ ಹಾಡ್ರಿ."

ಶಂಕ್ರಕ್ಕ ಅದನ್ನೂ ಎತ್ತಿ, ಕೆನ್ನೆಗಾನಿಸಿ, ಶಿವಪ್ಪಣ್ಣನವರತ್ತ ಗುರಿ ಹಿಡಿದಳು. ಕುತ್ತಿಗೆ ಎಡಕ್ಕೆ ವಾಲಿತ್ತು. "ಶಿವಪ್ಪಣ್ಣಾರ, ಕಡ್ಲಿ ಚೀಲ ಬಂದ್ರ ಬರೇ ಬಾಯಾಗಿನ ಕಾಳ ನೋಡಿ ರೇಟ ಹೇಳ್ತೀರೇನ್ರಿ ನೀವು? ಸಲಾಕಿ ಚುಚ್ಚಿ ತಳದ ಕಾಳ ತಗೀತೀರಿ. ಇದನ್ನ ಯಾಕ್ರಿ ಬರೇ ಹೊಳಪ ನೋಡಿ ತಂದ್ರಿ?"

ಶಿವಪ್ಪಣ್ಣನವರು ಇಂಥ ಮಾತಿಗೆ ಸೋಲುವವರಲ್ಲ. ಮುಖ ಕೆಂಪಾಯಿತು. "ಹಂಗಿದ್ರ ಕಟ್ಟಿ ಇಲ್ಲ ನೋಡ್ರಿ" ಎಂದರು.

"ರಸ್ತಾ ಐತಲ್ರಿ" ಎಂದಳು ಶಂಕ್ರಕ್ಕ.

ಅಂದಿನಿಂದ ನಾವು ಮಠದ ಎದುರಿಗೆ ರಸ್ತೆಯ ಮೇಲೆ ಜಮಖಾನ ಹಾಸಿ ಹಾಡತೊಡಗಿದೆವು. ನಾವು ಗೆದ್ದೆವೆಂದು ಜಂಬ ಕೊಚ್ಚಿಕೊಳ್ಳುವಂತಿರಲಿಲ್ಲ. ಕಟ್ಟೆಗೆ ಮೈಕಿತ್ತು, ನಮಗಿರಲಿಲ್ಲ. ಅವರ ಸದ್ದಿನಲ್ಲಿ ನಮ್ಮ ಮ್ಯಾಂಡೋಲಿನ್ ನಮಗೇ ಸರಿಯಾಗಿ ಕೇಳುತ್ತಿರಲಿಲ್ಲ. ವರ್ಷ ಕಳೆದಂತೆ ನಮ್ಮ ಹೆಂಗಸರಲ್ಲಿ ಕೆಲವರು ಎದ್ದು ಕಟ್ಟೆಯ ಕಡೆ ಹೋದರು. ಮಂಡಳಿ ಉಳಿಯುತ್ತದೋ ಇಲ್ಲವೋ ಎಂಬ ಭಯ ನನಗೂ ಹತ್ತಿತು. "ಒಂದ ದಿನ ಹಾರ್ಮೋನಿಯಂ ಮ್ಯಾಲೆ ಹಾಡಿದ್ರ ಏನಾತು ಅಕ್ಕಾ?" ಎಂದು ಕೇಳಿದೆ.

ಅವಳು ಸಿಟ್ಟಾಗಲಿಲ್ಲ. "ಹೋಗಾವ್ರು ಹೋಗ್ಲಿ ಬಿಡ. ನಂದು ಸೋವೀದು ಅನ್ಲಿ, ಹೌದ್ರಿ ಅಂತೀನಿ. ಕೆಟ್ಟದ್ದು ಅಂದ್ರ ಒಪ್ಪಂಗಿಲ್ಲ. ಕೇಳಿ ನೋಡಿ ಅನ್ಲಿ. ಒಬ್ಬರರ ಕಿವಿಗೊಟ್ಟ ಕೇಳ್ಯಾರೇನು?" ಎಂದಳು.

ಕಳೆದ ಆಷಾಢದಲ್ಲಿ ಶಂಕ್ರಕ್ಕ ಹೋದಳು. ಅದಕ್ಕೂ ಹಿಂದಿನ ವಾರ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನಾನು ಶ್ರುತಿ ಮಾಡುವುದನ್ನು ಕೇಳಿ, "ಜೋಡ ತಂತಿ ಒಂದ ದನಿ ಆಗವಲ್ವು, ನಿನ್ನ ಹೊಲಿಗಿನೂ ಹಿಂಗ ಏನ್?" ಎಂದು ಬೈದು ಎದ್ದು ಹೋಗಿದ್ದಳು. ಅದೇ ಕೊನೆಯ ಮಾತು. ಕರ್ಮ ಎಲ್ಲ ಮುಗಿದ ಮೇಲೆ ಅವಳ ಸೊಸೆ ಮ್ಯಾಂಡೋಲಿನ್ ತಂದು ನನ್ನ ಮಶೀನಿನ ಮೇಲಿಟ್ಟು ಹೋದಳು. ಆ ದಿನ ನನ್ನಿಂದ ಒಂದು ಹೊಲಿಗೆಯೂ ಆಗಲಿಲ್ಲ.

ಶ್ರಾವಣದ ಮೊದಲ ಸೋಮವಾರದ ಹಿಂದಿನ ದಿನ ಶಿವಪ್ಪಣ್ಣನವರೇ ಅಂಗಡಿಗೆ ಬಂದರು. ದನಿ ಮೆತ್ತಗಿತ್ತು. "ಅಕ್ಕಾರ ಹೆಸರಿನ್ಯಾಗ ನಿಮ್ಮ ಮಂಡಳಿ ಕಟ್ಟಿ ಮ್ಯಾಲೆ ಹಾಡ್ಲೆವಾ. ಅವರ ಫೋಟೊ ಇಡಸ್ತೀವಿ. ಹಾರ್ಮೋನಿಯಂ, ತಬಲಾ ಎಲ್ಲಾ ನಮ್ಮವ. ಅದೊಂದ ಸಾಮಾನ ತರಬ್ಯಾಡ್ರಿ" ಎಂದರು. ಹೆಂಗಸರು ಸಂತೋಷಪಟ್ಟರು. ಮರುದಿನ ನಾನು ಅಕ್ಕನ ಮ್ಯಾಂಡೋಲಿನ್ ಎತ್ತಿಕೊಂಡೇ ಹೋದೆ.

ಕಟ್ಟೆಯ ನಡುವೆ ಕುರ್ಚಿಯ ಮೇಲೆ ಫೋಟೊ ಇತ್ತು, ಮಲ್ಲಿಗೆ ಹಾರ ಹಾಕಿದ್ದರು. ಹತ್ತಿರ ಹೋಗಿ ನೋಡಿದೆ. ಅದು ನಾನೇ ರಸ್ತೆಯ ಭಜನೆಯಲ್ಲಿ ಮೊಬೈಲಿನಲ್ಲಿ ತೆಗೆದು ಎಲ್ಲರಿಗೂ ಕಳಿಸಿದ್ದ ಚಿತ್ರ. ಮ್ಯಾಂಡೋಲಿನ್ ಕಾಣದ ಹಾಗೆ ಕೆಳಗಿನ ಅರ್ಧವನ್ನು ಕತ್ತರಿಸಿ ಮುಖವನ್ನಷ್ಟೇ ಉಳಿಸಿದ್ದರು. ಆದರೆ ಎಡಗಡೆಯ ಹೆಗಲು ಇಳಿದಿತ್ತು. ವಾದ್ಯ ಹಿಡಿದಾಗ ಮಾತ್ರ ಅವಳ ಹೆಗಲು ಹಾಗೆ ಇಳಿಯುತ್ತಿತ್ತು.

ನನಗೆ ಸಿಟ್ಟು ಬಂತು. ಹಾರ ತೆಗೆದು ಕುರ್ಚಿಯ ಮೇಲಿಟ್ಟು ಫೋಟೊವನ್ನು ಕಂಕುಳಲ್ಲಿ ಹಿಡಿದುಕೊಂಡೆ.

"ಏನವಾ ಇದು?" ಎಂದರು ಶಿವಪ್ಪಣ್ಣ.

"ಅಕ್ಕನ್ನ ಕರಕೊಂಡ ಹೊಂಟೀನ್ರಿ" ಎಂದೆ. "ಅರ್ಧಾ ಅಕ್ಕ ನಮಗ ಬ್ಯಾಡ್ರಿ."

ಕಟ್ಟೆಯ ಮೆಟ್ಟಿಲಿಳಿದು ರಸ್ತೆಯ ನಡುವೆ ಕೂತೆ. ಫೋಟೊವನ್ನು ಎದುರಿಗಿಟ್ಟು ಮ್ಯಾಂಡೋಲಿನ್ ತೊಡೆಗೇರಿಸಿದೆ. ಒಬ್ಬೊಬ್ಬರೇ ಹೆಂಗಸರು ಇಳಿದು ಬಂದರು, ಹಿಂದೆ ಬಿಟ್ಟುಹೋದವರೂ ಬಂದರು. ಹಾಡು ಹಿಡಿದೆವು. ಅಷ್ಟರಲ್ಲಿ ಯರಗುಪ್ಪಿ ಕಡೆಯ ಟ್ರ್ಯಾಕ್ಟರ್ ಒಂದು ಬಂದು ಹಾರ್ನ್ ಹೊಡೆಯತೊಡಗಿತು. ನಾನು ಬಾರಿಸುವುದನ್ನು ನಿಲ್ಲಿಸದೆ ತಲೆಯೆತ್ತಿ, "ಇದು ಮುಗೀಲಿ, ಆಮ್ಯಾಲೆ ಹೋಗ್ರಿ" ಎಂದೆ. ಟ್ರ್ಯಾಕ್ಟರಿನವನು ನಮ್ಮನ್ನೂ ಕಟ್ಟೆಯನ್ನೂ ನೋಡಿದ. ಇಂಜಿನ್ ಆರಿಸಿ ಕೇಳುತ್ತ ಕೂತ.