ನಿಂಗಮ್ಮನವರು ಹೇಳಿದ ಹೆಸರು

ಈ ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಮಷೀನಿನೊಳಗೆ ಟಕಟಕ ಎಂದು ಏನೋ ಬಡಿಯುತ್ತಿತ್ತು. ಯಾವುದೋ ಪ್ಯಾಂಟಿನ ಗುಂಡಿ ಕಿತ್ತಿರಬೇಕು ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ನೋಡಿದರೆ ನನ್ನ ಡ್ಯೂಟಿ ಅಂಗಿಯ ಜೇಬಿನಲ್ಲಿ ಪೆನ್ ಟಾರ್ಚು! ಬಿಸಿನೀರು, ಸೋಪು, ಡ್ರೈಯರಿನ ಕಾವು ಎಲ್ಲ ಉಂಡು ಹೊರಬಂದಿತ್ತು. ಅನುಮಾನದಿಂದಲೇ ಗುಂಡಿ ಒತ್ತಿದೆ. ಏನೂ ಆಗದವರ ಹಾಗೆ ಹತ್ತಿಕೊಂಡಿತು.

ಈ ಟಾರ್ಚನ್ನು ನೀವು ನೋಡಿರಲಿಕ್ಕಿಲ್ಲ. ಪೆನ್ನಿನಷ್ಟೇ ದಪ್ಪ, ಮೈಮೇಲೆ ಸಣ್ಣದರಿಂದ ದೊಡ್ಡದಕ್ಕೆ ಕಪ್ಪು ಚುಕ್ಕಿಗಳ ಸಾಲು. ಕಣ್ಣಿನ ಪಾಪೆ ಎಷ್ಟು ಅಗಲವಿದೆ ಎಂದು ಪಕ್ಕದಲ್ಲಿ ಹಿಡಿದು ನೋಡುವುದಕ್ಕೆ ಆ ಚುಕ್ಕಿಗಳು. ತಲೆಗೆ ಪೆಟ್ಟು ಬಿದ್ದವರ ಕಣ್ಣಿಗೆ ಬೆಳಕು ಬಿಟ್ಟರೆ ಎರಡು ಪಾಪೆಗಳೂ ಒಂದೇ ಸಮ ಕುಗ್ಗಬೇಕು. ಒಂದು ಕುಗ್ಗಿ ಇನ್ನೊಂದು ತಡಮಾಡಿದರೆ ತಲೆಯೊಳಗೆ ಏನೋ ಒತ್ತುತ್ತಿರಬಹುದು. ನಾನು ಈಸ್ಟ್ ಬೇಯ ಒಂದು ಆಸ್ಪತ್ರೆಯಲ್ಲಿ, ಬಿದ್ದವರು ಗುದ್ದಿಸಿಕೊಂಡವರು ಬರುವ ವಾರ್ಡಿನಲ್ಲಿ ನರ್ಸು. ಹೀಗಾಗಿ ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನ ನಮ್ಮ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಮಾತ್ರೆಗಿಂತ ಮೊದಲು ಈ ಟಾರ್ಚು ಬರುತ್ತದೆ. ಫ್ರೀವೇ ಟ್ರಾಫಿಕ್ಕಿನಲ್ಲಿ ಬೆಂದು ಬಂದ ನಮ್ಮ ಯಜಮಾನರು, ಕಾಫಿ ಕೊಟ್ಟರೆ ಸಾಕು ಎಂದು ಎಷ್ಟೋ ಸಲ ಬೇಡಿಕೊಂಡಿದ್ದಾರೆ. ತೋರಿಸಿಕೊಂಡು ತೋರಿಸಿಕೊಂಡು ಆ ವಿದ್ಯೆಯೆಲ್ಲ ಈಗ ಅವರಿಗೂ ಬಾಯಿಪಾಠವಾಗಿದೆ.

ನನಗೆ ಇದನ್ನು ಕಲಿಸಿದವಳು ಕೋರಾ. ಫಿಲಿಪೀನ್ಸಿನಿಂದ ಬಂದ ಹಿರಿಯ ನರ್ಸು, ಕುಳ್ಳಗೆ ದುಂಡಗೆ ಇರುವವಳು, ಡಬ್ಬಿಯಲ್ಲಿ ಸದಾ ಒಣಮೀನು. ಪಾಳಿ ಬದಲಾಗುವಾಗ ಹೋಗುವವಳೂ ಬರುವವಳೂ ಒಟ್ಟಿಗೆ ನಿಂತು, ಒಂದೇ ಟಾರ್ಚಿನಲ್ಲಿ, ರೋಗಿಯ ಕಣ್ಣನ್ನು ನೋಡಲೇಬೇಕು ಎಂಬುದು ಅವಳ ಕಟ್ಟಪ್ಪಣೆ. ನೀನು ಮೂರನೆಯ ಚುಕ್ಕಿ ಎಂದದ್ದು ನನಗೂ ಮೂರನೆಯದಾಗಿ ಕಾಣದಿದ್ದರೆ ಬದಲಾವಣೆ ಗೊತ್ತಾಗುವುದು ಹೇಗೆ ಎನ್ನುತ್ತಿದ್ದಳು. ಕಿವಿಯ ಹಿಂದೆ ನೀಲಿಗಟ್ಟಿದೆಯಾ ನೋಡು, ಕೂದಲು ಸರಿಸಿ ನೋಡು, ಎರಡೂ ಕಣ್ಣಿನ ಸುತ್ತ ಕಪ್ಪಾಗಿದ್ದರೆ ಬುರುಡೆಯ ಬುಡ ಬಿರುಕು ಬಿಟ್ಟಿರಬಹುದು. ಈ ಕೊನೆಯದನ್ನು ಕಲಿತ ಹುರುಪಿನಲ್ಲಿ ನಾನು ಒಬ್ಬ ಹುಡುಗಿಯ ಕಣ್ಣು ನೋಡಿ ಹೌಹಾರಿ ಡಾಕ್ಟರನ್ನು ಕರೆಸಿದ್ದೆ. ಅತ್ತು ಹರಡಿದ ಕಾಡಿಗೆ ಅದು. ಮೈಸೂರಿನಲ್ಲಿ ಹುಟ್ಟಿ ಕಾಡಿಗೆ ಹಚ್ಚಿಕೊಂಡೇ ಬೆಳೆದವಳು ನಾನು. ಆ ವಾರವೆಲ್ಲ ನರ್ಸುಗಳ ಊಟದ ಕೋಣೆಯಲ್ಲಿ ನನ್ನದೇ ಸುದ್ದಿ.

ನಿಂಗಮ್ಮನವರು ಬಂದದ್ದು ಯುಗಾದಿಯ ದಿನ. ಮಂಡ್ಯದ ಕಡೆಯವರು, ಯೂನಿಯನ್ ಸಿಟಿಯಲ್ಲಿರುವ ಮಗಳ ಮನೆಗೆ ಗಂಡನ ಜೊತೆ ಬಂದಿದ್ದರು. ಇಂಡಿಯನ್ ಗ್ರಾಸರಿಯಿಂದ ತಂದ ಮಾವಿನೆಲೆಯ ತೋರಣ ಕಟ್ಟಲು ಕುರ್ಚಿ ಹತ್ತಿ, ಹಿಂದಕ್ಕೆ ಬಿದ್ದರು. ಎಣ್ಣೆಸ್ನಾನ ಮಾಡಿ, ಹೊಸ ಸೀರೆಯುಟ್ಟು, ಅಗಲ ಕುಂಕುಮ ಇಟ್ಟುಕೊಂಡೇ ಬಂದಿದ್ದರು. ಬೆವರಿಗೆ ಅದು ಮೂಗಿನವರೆಗೆ ಇಳಿದಿತ್ತು. ಕೋರಾ ಅದನ್ನು ರಕ್ತವೆಂದು ತಿಳಿದು ಮೂರು ಸಲ ಒರೆಸಿ, ಗಾಯವೇ ಸಿಗದೆ ನನ್ನ ಮುಖ ನೋಡಿದಳು. ಕಾಡಿಗೆಯ ಸೇಡು ತೀರಿತು ಎಂದು ಒಳಗೊಳಗೇ ಖುಷಿಪಟ್ಟೆ.

ಅವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು. ತಲೆಯ ಸ್ಕ್ಯಾನು ಸರಿಯಾಗಿಯೇ ಬಂತು. ಆದರೂ ಇಂಥವರಲ್ಲಿ ರಕ್ತ ನಿಧಾನವಾಗಿ ಸೋರಬಹುದು, ಗಂಟೆಗೊಮ್ಮೆ ನೋಡುತ್ತಿರಿ ಎಂದರು ಡಾಕ್ಟರು. ಎಡಗಣ್ಣಿಗೆ ಹಿಂದೆಂದೋ ಪೊರೆಯ ಆಪರೇಷನ್ ಆಗಿ ಅದರ ಪಾಪೆ ಸೊಟ್ಟಗಾಗಿತ್ತು, ಬೆಳಕಿಗೆ ಜಗ್ಗುತ್ತಿರಲಿಲ್ಲ. ನಂಬಬೇಕಾದದ್ದು ಬಲಗಣ್ಣೊಂದನ್ನೇ.

ಫೋನಿನ ದುಭಾಷಿ ಸಿಗುವಷ್ಟರಲ್ಲಿ ನನ್ನನ್ನೇ ಕರೆದರು. ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ತಿಳಿಯಲು ಕೇಳುವ ಪ್ರಶ್ನೆಗಳು. ಹೆಸರು ಹೇಳಿದರು. ಇವತ್ತು ಯಾವ ದಿನ ಎಂದದ್ದಕ್ಕೆ ಯುಗಾದಿ ಎಂದರು. ಡಾಕ್ಟರು ಪಕ್ಕದಲ್ಲಿ ಕೂತಿದ್ದ ಗಂಡನನ್ನು ತೋರಿಸಿ ಇವರ ಹೆಸರೇನು ಎಂದು ಕೇಳಿಸಿದರು. ಅಜ್ಜಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು.

"ಅವ್ರ ಹೆಸ್ರ ನಾನೇಳಕಾಯ್ತದಾ? ನೀನೊಳ್ಳೆ ಸರೋದೆ ಕಣವ್ವ."

ಗಂಡನ ಹೆಸರು ನೆನಪಿಲ್ಲ ಎಂದು ಬರೆಯಲು ಹೊರಟ ಡಾಕ್ಟರನ್ನು ತಡೆದು, ನಮ್ಮಲ್ಲಿ ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದು ಒಂದು ಪುಟ್ಟ ಭಾಷಣವನ್ನೇ ಬಿಗಿದೆ. ಹಳೆಯ ಕಾಲದ ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದೆ, ನಾನು ಆ ಪೈಕಿಯವಳಲ್ಲ ಎಂದು ಗೊತ್ತಾಗಲಿ ಎಂದು. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು.

ಮುಂದಿನ ಎರಡು ಗಂಟೆಯೂ ಇದೇ ಆಟ. ನಾನು ಕೇಳುವುದು, ಅವರು ಸೆರಗು ಹಿಡಿಯುವುದು. ನಾಲ್ಕನೆಯ ಸಲ ಕೇಳಿದಾಗ ಅವರು ಚಾವಣಿ ನೋಡುತ್ತಾ ತಟ್ಟನೆ ಹೇಳಿದರು.

"ಪುಟ್ಟಸ್ವಾಮಿ."

ಡಾಕ್ಟರಿಗೆ ಸಂತೋಷವಾಯಿತು. ನನಗೂ ಆಯಿತು ಎಂದು ಹೇಳಲು ಈಗ ನಾಚಿಕೆ. ಅಜ್ಜಿಗೆ ನನ್ನಲ್ಲಿ ಸಲಿಗೆ ಬಂದಿದೆ, ಸಂಕೋಚ ಬಿಟ್ಟಿದ್ದಾರೆ ಎಂದುಕೊಂಡೆ. ಎಲ್ಲ ಪ್ರಶ್ನೆಗೂ ಸರಿ ಉತ್ತರ ಎಂದು ಬರೆಯಲು ಕೈ ಕಂಪ್ಯೂಟರಿನ ಕಡೆ ಹೋಗಿಯೂ ಇತ್ತು. ಆಗ ಪುಟ್ಟಸ್ವಾಮಿಯವರು ಕುರ್ಚಿಯಿಂದ ಎದ್ದು ನಿಂತರು.

"ಐವತ್ತು ವರ್ಸದಲ್ಲಿ ಇವ್ಳು ಒಂದ್ಸಲನೂವೆ ನನ್ನ ಹೆಸ್ರು ಹೇಳಿಲ್ಲ ಕಣವ್ವ. ಇವ್ಳಿಗೆ ಏನೋ ಆಗದೆ."

ಟಾರ್ಚು ತೆಗೆದು ಬಲಗಣ್ಣಿಗೆ ಬಿಟ್ಟೆ. ಹಿಂದಿನ ಗಂಟೆ ಚುರುಕಾಗಿ ಕುಗ್ಗಿದ್ದ ಪಾಪೆ ಈಗ ಸಾಲಿನ ಮುಂದಿನ ಚುಕ್ಕಿಯಷ್ಟು ದೊಡ್ಡದಾಗಿತ್ತು, ಕುಗ್ಗಲು ಸೋಮಾರಿತನ ಮಾಡಿತು. ಕೋರಾಳನ್ನು ಕೂಗಿದೆ. ಅವಳು ನನ್ನ ಕೈಯಿಂದ ಅದೇ ಟಾರ್ಚು ತೆಗೆದುಕೊಂಡು ನೋಡಿ, ಮಂಚದ ಚಕ್ರದ ಬ್ರೇಕು ಬಿಡಿಸಿದಳು. ಎರಡನೆಯ ಸ್ಕ್ಯಾನಿನಲ್ಲಿ ರಕ್ತ ಕಂಡಿತು. ಅಲ್ಲಿಂದಲೇ ಆಪರೇಷನ್ನಿಗೆ ಹೋದರು.

ನನ್ನ ಪಾಳಿ ಮುಗಿದರೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮಗಳು ಊರಿಗೆ ಫೋನು ಮಾಡುತ್ತಾ ಓಡಾಡುತ್ತಿದ್ದಳು. ಪುಟ್ಟಸ್ವಾಮಿಯವರ ಜೇಬಿನಿಂದ ತೋರಣದ ದಾರ ಇಣುಕುತ್ತಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ನನ್ನಿಂದಲೇ ತಪ್ಪಾಗುತ್ತಿತ್ತು ಎಂದು ಅವರಿಗೆ ಹೇಳಿಬಿಟ್ಟೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ನೆಲ ನೋಡುತ್ತಾ ಹೇಳಿದರು.

"ಅವ್ಳ ಬಾಯಲ್ಲಿ ನನ್ನ ಹೆಸ್ರು ಕೇಳಕೆ ಚೆಂದಾಗಿತ್ತು. ಆದ್ರೂ ಬ್ಯಾಡ. ಇನ್ನೊಂದ್ಸಲ ಹೇಳದು ಬ್ಯಾಡ."

ನಾಲ್ಕನೆಯ ದಿನ ನಿಂಗಮ್ಮನವರು ಬೋಳುತಲೆಗೆ ಪಟ್ಟಿ ಸುತ್ತಿಕೊಂಡು ಎದ್ದು ಕೂತಿದ್ದರು. ಹತ್ತಿರ ಹೋಗಿ ಕೇಳಿದೆ, ಅಜ್ಜಿ, ಯಜಮಾನರ ಹೆಸರೇನು? ಅವರು ಸೆರಗು ಹುಡುಕಿದರು. ಆಸ್ಪತ್ರೆಯ ಗೌನಿನಲ್ಲಿ ಸೆರಗೆಲ್ಲಿ? ಕೊನೆಗೆ ಹೊದಿಕೆಯ ತುದಿಯನ್ನೇ ಬಾಯಿಗೆ ಹಿಡಿದು, ಅಲ್ಲೇ ಕೂತವ್ರಲ್ಲ ಅವ್ರನ್ನೇ ಕೇಳು ಎಂದರು. ಪುಟ್ಟಸ್ವಾಮಿಯವರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ಕೋರಾಳ ಹೆಗಲಿಗೆ ಮುಖವಿಟ್ಟು ಅತ್ತೆ. ಅವಳಿಂದ ಒಣಮೀನಿನ ವಾಸನೆ ಬರುತ್ತಿತ್ತು.

ಆಮೇಲಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ತಲೆಗೆ ಪೆಟ್ಟಾದ ಯಾರೇ ಬರಲಿ, ಎಲ್ಲಿಯವರೇ ಆಗಲಿ, ಮನೆಯವರನ್ನು ಕೇಳುತ್ತೇನೆ: ಇವರು ಯಾವತ್ತೂ ಮಾಡದ ಕೆಲಸ ಯಾವುದು? ಬೈಯದವರು, ಸಕ್ಕರೆ ಮುಟ್ಟದವರು, ಹಾಡದವರು. ಅದನ್ನು ಕಾಗದದಲ್ಲಿ ಬರೆದು ಹಾಸಿಗೆಯ ಪಕ್ಕ ಅಂಟಿಸುತ್ತೇನೆ.

ಇದೆಲ್ಲ ಯೋಚಿಸುತ್ತಾ, ಒಗೆದ ಟಾರ್ಚು ಹಿಡಿದು ನಿಂತಿದ್ದವಳಿಗೆ ನಮ್ಮ ಯಜಮಾನರಿಗೂ ತೋರಿಸೋಣ ಎನಿಸಿತು. ಇವರು ಗರಾಜಿನಲ್ಲಿದ್ದರು. ರೀ ಎಂದು ಕೂಗಲು ಬಾಯಿ ತೆರೆದವಳು ಅಲ್ಲಿಗೇ ನಿಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಫಾರ್ಮುಗಳಲ್ಲಿ ಇವರ ಹೆಸರು ಬರೆದಿದ್ದೇನೆ, ಫೋನಿನಲ್ಲಿ ಇನ್ಶೂರೆನ್ಸಿನವರಿಗೆ ಅಕ್ಷರ ಬಿಡಿಸಿ ಹೇಳಿದ್ದೇನೆ. ಇವರನ್ನು ಇವರ ಹೆಸರಿನಿಂದ ಕರೆದದ್ದು ಮಾತ್ರ ನೆನಪಿಗೆ ಬರಲಿಲ್ಲ. ಆ ಪೈಕಿಯವಳಲ್ಲ ಎಂದು ಭಾಷಣ ಬಿಗಿದವಳು ನಾನು! ಹಟಕ್ಕೆ ಬಿದ್ದು, ಗಟ್ಟಿಯಾಗಿ, ಹೆಸರು ಹಿಡಿದೇ ಕರೆದೆ.

ಗರಾಜಿನಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ಇವರು ಓಡಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ ಬೆಳಕು ಬಿಟ್ಟರು.

"ಎರಡೂ ಸಮ ಇದೆ," ಎಂದರು. "ಎಲ್ಲಿ ಬಿದ್ದೆ?"