ಸಿಕ್ಕು ಬಿಡಿಸುವ ಪೆದ್ದಕ್ಕ

ಬೆಂಗಳೂರಿಗೆ ಹೊರಡುವ ಮುಂಜಾನೆಯ ರೈಲು ಹಿಂದೂಪುರದ ಸ್ಟೇಷನ್ನಿನಲ್ಲಿ ಇನ್ನೂ ಹೊಗೆ ಉಗುಳುತ್ತಿದೆ. ಹುಣಸೆ ಮಂಡಿಗಳ ಸಾಲಿನಲ್ಲಿ ಒಂದು ಬಾಗಿಲೂ ತೆರೆದಿಲ್ಲ. ಮಂಡಿ ಸಾವ್ಕಾರ ಶಿವಯೋಗಪ್ಪನವರ ಮನೆಯ ಹಿತ್ತಲ ಜಗಲಿಯ ಮೇಲೆ ಮಾತ್ರ ಪೆದ್ದಕ್ಕ ಆಗಲೇ ಕಾಲು ಚಾಚಿ ಕೂತಿದ್ದಾಳೆ. ಆಕೆಯ ತೊಡೆಯ ಮೇಲೆ ದೊಡ್ಡದೊಂದು ನಾಯಿಯ ತಲೆ. ಕಂದು ಬಿಳುಪು ಬೆರೆತ ಗೇಣುದ್ದದ ಕೂದಲು. ನಿನ್ನೆ ಸಂಜೆ ಬೇಲಿ ನುಗ್ಗಿ ಬಂದದ್ದರಿಂದ ಕಿವಿಯ ಹಿಂದೆ ಉತ್ತರಾಣಿಯ ಬೀಜ ಕಚ್ಚಿಕೊಂಡು ಕೂದಲೆಲ್ಲ ಗಂಟುಗಂಟಾಗಿದೆ.

ಪೆದ್ದಕ್ಕ ಎಡಗೈಯಲ್ಲಿ ಗಂಟಿನ ಬುಡವನ್ನು ಬಿಗಿಯಾಗಿ ಹಿಡಿಯುತ್ತಾಳೆ. ಬಲಗೈಯ ಬೆರಳುಗಳಿಂದ ತುದಿಯ ನಾಲ್ಕೇ ನಾಲ್ಕು ಎಳೆಗಳನ್ನು ಬಿಡಿಸುತ್ತಾಳೆ. ಆಮೇಲೆ ಇನ್ನೂ ನಾಲ್ಕು. ಬಾಚಣಿಗೆ ಪಕ್ಕದಲ್ಲೇ ಇದ್ದರೂ ಅದಕ್ಕೆ ಇನ್ನೂ ಸರದಿ ಬಂದಿಲ್ಲ.

"ಬುಡ ಹಿಡ್ಕಂಡು ತುದಿಯಿಂದ ಬರ್ಬೇಕು ಕಣಪ್ಪ," ಎಂದು ನೋಡಲು ಬಂದವರಿಗೆ ಹೇಳುತ್ತಾಳೆ. "ಮೇಲಿಂದ ಬಾಚಣಿಗೆ ಹಾಕಿ ಎಳೆದ್ರೆ ಚರ್ಮನೇ ಎಳೆದಂಗೆ. ನಿನ್ ಜುಟ್ಟು ಹಿಡಿದು ಎಳೆದ್ರೆ ನೀನು ಸುಮ್ಕೆ ಇರ್ತೀಯಾ? ಕಚ್ಚಲ್ವಾ?"

ನಾಯಿಯ ಹೆಸರು ಕರ್ನಲ್. ಬೆಂಗಳೂರಿನ ದಂಡಿನಲ್ಲಿದ್ದ ಬಿಳಿ ದೊರೆಯೊಬ್ಬ ನಲವತ್ತೇಳರಲ್ಲಿ ತನ್ನ ಸೀಮೆಗೆ ಹಡಗು ಹತ್ತುವ ಮುಂಚೆ ಇದನ್ನು ಶಿವಯೋಗಪ್ಪನವರಿಗೆ ಕೊಟ್ಟು ಹೋದ. ಆಗಿನ್ನೂ ಅದು ಮರಿ. ಕೊಟ್ಟವನ ಹುದ್ದೆಯೇ ನಾಯಿಗೆ ಹೆಸರಾಯಿತು. ಐದು ವರ್ಷದ ಈ ಕರ್ನಲ್ ಇವತ್ತು ಬದುಕಿರುವುದು ಪೆದ್ದಕ್ಕನ ಬೆರಳುಗಳಿಂದ. ಈ ಮಾತನ್ನು ಹೇಳುವವರು ಶಿವಯೋಗಪ್ಪನವರ ಹೆಂಡತಿ ಸರ್ವಮಂಗಳಮ್ಮ. ಪೆದ್ದಕ್ಕ ತಾನಾಗಿ ಹೇಳುವುದಿಲ್ಲ.

ಪೆದ್ದಕ್ಕ ಕಲ್ಯಾಣದುರ್ಗದ ಕಂಬಳಿ ನೇಯುವ ಮನೆಯ ಸೊಸೆ. ಗಂಡ ಉಗ್ರಪ್ಪ ಮಗ್ಗಕ್ಕೆ ಕೂತರೆ ಈಕೆ ಉಣ್ಣೆ ಹಿಂಜಿ, ಕಸ ಕಡ್ಡಿ ಆರಿಸಿ, ನೂಲು ತೆಗೆಯುತ್ತಿದ್ದಳು. ಯುದ್ಧದ ಕಾಲದಲ್ಲಿ ಸಿಪಾಯಿಗಳಿಗೆಂದು ಎಷ್ಟು ಕಂಬಳಿ ನೇಯ್ದರೂ ಸಾಲುತ್ತಿರಲಿಲ್ಲ. ಯುದ್ಧ ಮುಗಿಯಿತು, ಕೇಳುವವರೂ ಮುಗಿದರು. ಮಗ್ಗವನ್ನು ಮೈದುನನಿಗೆ ಬಿಟ್ಟು ಗಂಡ ಹೆಂಡತಿ ಹಿಂದೂಪುರಕ್ಕೆ ಬಂದರು. ಉಗ್ರಪ್ಪನಿಗೆ ಮಂಡಿಯಲ್ಲಿ ಗೋಣಿಚೀಲ ಹೊಲಿಯುವ ಕೆಲಸ ಸಿಕ್ಕಿತು. ಪೆದ್ದಕ್ಕ ಅದೇ ಮಂಡಿಯ ಅಂಗಳದಲ್ಲಿ ಹತ್ತಿಪ್ಪತ್ತು ಹೆಂಗಸರ ಜೊತೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದಳು.

ನಲವತ್ತೊಂಬತ್ತರ ಬೇಸಿಗೆ. ಕರ್ನಲ್ ಎರಡು ವರ್ಷದ ನಾಯಿಯಾಗಿತ್ತು. ಮೈಯ ಕೂದಲೆಲ್ಲ ಜಡೆಗಟ್ಟಿ ಹಲಗೆಯಂತೆ ಬಿಗಿದಿತ್ತು. ವಾಸನೆ ಹೋಗಲೆಂದು ಆಳುಗಳು ದಿನಾ ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಕೂದಲು ಇನ್ನಷ್ಟು ಬಿಗಿಯುತ್ತಿತ್ತು. ನಾಯಿ ಮೊದಲು ಗುರುಗುಟ್ಟಲು ಶುರುಮಾಡಿತು, ಆಮೇಲೆ ಹತ್ತಿರ ಬಂದವರ ಮೇಲೆ ಎಗರತೊಡಗಿತು. ಒಂದು ಬೆಳಗ್ಗೆ ನೀರು ಹಾಕಲು ಹೋದ ಆಳಿನ ಕೈಗೆ ಬಾಯಿ ಹಾಕಿ ರಕ್ತ ಬರಿಸಿ, ಓಡಿಹೋಗಿ ಅಂಗಳದ ಗಾಡಿಯ ಕೆಳಗೆ ಸೇರಿಕೊಂಡಿತು.

"ಹುಚ್ಚು ಹಿಡಿದದೆ," ಎಂದರು ಎಲ್ಲರೂ. ಕ್ಷೌರದವನು ಕತ್ತರಿ ಹಿಡಿದು ಹತ್ತಿರ ಹೋಗಲು ಒಪ್ಪಲಿಲ್ಲ. ಶಿವಯೋಗಪ್ಪನವರು ನೊಂದುಕೊಂಡೇ ಬಂದೂಕಿದ್ದ ಪರಿಚಯದವರೊಬ್ಬರಿಗೆ ಹೇಳಿಕಳಿಸಿದರು.

ಬೀಜ ಬಿಡಿಸುತ್ತಿದ್ದ ಪೆದ್ದಕ್ಕ ಗಾಡಿಯ ಕೆಳಗನ್ನೇ ನೋಡುತ್ತಿದ್ದಳು. ಎದ್ದು ಕೈ ಒರೆಸಿಕೊಂಡು ಸಾವ್ಕಾರರ ಮುಂದೆ ಹೋಗಿ ನಿಂತಳು. ಅಲ್ಲಿಯವರೆಗೆ ಆಕೆ ಅವರೊಂದಿಗೆ ಒಂದು ಮಾತೂ ಆಡಿದವಳಲ್ಲ.

"ಸಾಮಿ, ಅದು ಹುಚ್ಚಲ್ಲ. ಎಮ್ಮೆ ತೊಟ್ಟೀಲಿ ಅದು ನೀರು ಕುಡಿಯೋದ ಬೆಳಗ್ಗೆ ನೋಡ್ದೆ. ಹುಚ್ಚು ಹಿಡಿದ ನಾಯಿ ನೀರು ನುಂಗ್ತದಾ? ಅದಕ್ಕೆ ಮೈ ನೋಯ್ತಾ ಅದೆ."

"ನಿನಗೇನು ಗೊತ್ತಮ್ಮ ನಾಯಿ ವಿಷಯ?" ಎಂದರು ಶಿವಯೋಗಪ್ಪ.

"ನಾಯಿ ಗೊತ್ತಿಲ್ಲ ಸಾಮಿ. ಉಣ್ಣೆ ಗೊತ್ತು. ಕಂಬಳಿ ಬಿಗಿ ಆಗ್ಬೇಕಂದ್ರೆ ನಾವು ನೀರು ಹಾಕಿ ತುಳೀತೀವಿ. ನಿಮ್ಮಾಳುಗಳು ದಿನಾ ಅದನ್ನೇ ಮಾಡವ್ರೆ. ಬದುಕಿರೋ ನಾಯಿಗೇ ಕಂಬಳಿ ನೇಯ್ದುಬುಟ್ಟವ್ರೆ!"

ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರ್ವಮಂಗಳಮ್ಮ, "ಮೂರು ದಿನ ನೋಡೋಣ ಬಿಡ್ರೀ," ಎಂದರು. ಬಂದೂಕಿನವರಿಗೆ ಬರುವುದು ಬೇಡವೆಂದು ಹೇಳಿಕಳಿಸಲಾಯಿತು. ಈ ನಡುವೆ ನಾಯಿ ಇನ್ನೊಬ್ಬರನ್ನು ಕಚ್ಚಿದರೆ ಹೊಣೆ ಪೆದ್ದಕ್ಕನದೇ. ಗಂಡ ಹೆಂಡತಿ ಇಬ್ಬರ ಅನ್ನವೂ ಅದೇ ಅಂಗಳದಲ್ಲಿತ್ತು.

ಮೊದಲ ದಿನ ಆಕೆ ನಾಯಿಯನ್ನು ಮುಟ್ಟಲೇ ಇಲ್ಲ. ಗಾಡಿಯ ಹತ್ತಿರ ಕೂತು ರಾಗಿ ಮುದ್ದೆ ಮುರಿದು ಒಂದೊಂದೇ ತುತ್ತು ಮುಂದಿಡುತ್ತಾ, "ಊರ್ಕೋ ನಾಯನಾ, ಊರ್ಕೋ," ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದಳು. "ದೊರೆ ನಾಯಿಗೆ ತೆಲುಗು ಬತ್ತದೇನೆ?" ಎಂದು ಹೆಂಗಸರು ನಕ್ಕರು. ಎರಡನೆಯ ದಿನ ಮಧ್ಯಾಹ್ನ ನಾಯಿ ತಾನಾಗಿ ಮುಂಗಾಲು ಚಾಚಿತು. ಕಡಲೆಕಾಯಿ ಎಣ್ಣೆ ಹಚ್ಚಿ ಹಚ್ಚಿ ಕಾಲಿನ ಗಂಟುಗಳನ್ನು ಬಿಡಿಸಿದಳು. ಅದರ ಮಧ್ಯೆ ಒಮ್ಮೆ ಕಚ್ಚಿತು. ಆಕೆಯ ಎಡಗೈ ಹೆಬ್ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ರಕ್ತವನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಕತ್ತಿನ ಜಡೆಯನ್ನು ಅರ್ಧ ಬಿಡಿಸಿದಾಗ ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಮರಿಯಿದ್ದಾಗ ಕಟ್ಟಿದ್ದ ಚರ್ಮದ ಪಟ್ಟಿ! ನಾಯಿ ಬೆಳೆದಿತ್ತು, ಪಟ್ಟಿ ಬೆಳೆದಿರಲಿಲ್ಲ. ಕೂದಲೊಳಗೆ ಮುಚ್ಚಿಹೋಗಿ ಯಾರ ಕಣ್ಣಿಗೂ ಬೀಳದೆ ಕತ್ತಿನ ಮಾಂಸವನ್ನು ಕೊರೆದು ಕೂತಿತ್ತು. ಸುತ್ತ ಹುಳ ಬಿದ್ದಿದ್ದವು.

ದನದ ಆಸ್ಪತ್ರೆಯ ಕಾಂಪೌಂಡರ್ ನರಸಿಂಹಯ್ಯ ಬಂದು ಪಟ್ಟಿ ಕತ್ತರಿಸಿ ಗಾಯಕ್ಕೆ ಔಷಧಿ ಹಾಕಿದರು. "ಅಷ್ಟು ನೋವಾದರೂ ಅದು ನನ್ನನ್ನು ಕಚ್ಚಲಿಲ್ಲ. ಮೂತಿಯನ್ನು ಈಯಮ್ಮನ ಕಂಕುಳಲ್ಲಿ ತೂರಿಸಿಕೊಂಡು ನಿಂತಿತ್ತು," ಎಂದು ಅವರು ಇವತ್ತಿಗೂ ನೆನೆಯುತ್ತಾರೆ. ಶಿವಯೋಗಪ್ಪನವರು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರಂತೆ.

ಕೈ ಕಚ್ಚಿಸಿಕೊಂಡರೂ ಯಾಕೆ ಬಿಡಲಿಲ್ಲ ಎಂದು ಕೇಳಿದರೆ ಪೆದ್ದಕ್ಕ ಹಳೆಯ ಕಥೆಯೊಂದನ್ನು ತೆಗೆಯುತ್ತಾಳೆ. ಬೆರಳು ಮಾತ್ರ ಕೆಲಸ ನಿಲ್ಲಿಸುವುದಿಲ್ಲ.

"ಮದ್ವೆಯಾದ ಹೊಸದ್ರಲ್ಲಿ ನಮ್ಮತ್ತೆ ಮನೇಲಿ ಒಂದು ಕುರಿ ಕಾಯೋ ನಾಯಿ ಇತ್ತು ಕಣಪ್ಪ. ಕತ್ತಿನ ತುಂಬ ಕೂದ್ಲು. ಒಂದಿನ ಎಲ್ರ ಮ್ಯಾಲೂ ಎಗರೋಕೆ ಸುರು ಮಾಡ್ತು. ಹುಚ್ಚು ಅಂತ ಊರೋರೆಲ್ಲ ಸೇರಿ ಕಲ್ಲಲ್ಲೇ ಹೊಡೆದುಬುಟ್ರು. ನಾನೂ ಒಂದು ಕಲ್ಲು ಹಾಕ್ದೆ. ಮಣ್ಣು ಮಾಡೋಕೆ ಎತ್ತಿದಾಗ ಕಿವಿ ಸಂದೀಲಿ, ಕೂದ್ಲ ಗಂಟೊಳಗೆ, ಬೆರಳುದ್ದ ಜಾಲಿ ಮುಳ್ಳು. ಅಷ್ಟೇ ಇದ್ದಿದ್ದು. ಒಂದು ಮುಳ್ಳು."

ಕರ್ನಲ್ ಸುದ್ದಿ ಊರಲ್ಲಿ ಹಬ್ಬಿತು. ದಂಡಿನಿಂದ ಬಂದ ಉದ್ದ ಕೂದಲಿನ ನಾಯಿಗಳನ್ನು ಸಾಕಿದ್ದವರು ಒಬ್ಬೊಬ್ಬರಾಗಿ ಪೆದ್ದಕ್ಕನಿಗೆ ಹೇಳಿಕಳಿಸಿದರು. ವರ್ಷ ತುಂಬುವುದರೊಳಗೆ ಆಕೆ ಹುಣಸೆಬೀಜ ಬಿಟ್ಟು ಇದನ್ನೇ ಕೆಲಸ ಮಾಡಿಕೊಂಡಳು. ಐದು ಗಂಟೆಗೆ ಮನೆ ಬಿಡುತ್ತಾಳೆ. ಒಂದು ನಾಯಿಗೆ ಮೂರು ಗಂಟೆ, ದಿನಕ್ಕೆ ಎರಡು ನಾಯಿ. ಬಿಸಿಲೇರಿದ ಮೇಲೆ ನಾಯಿಗೂ ತಾಳ್ಮೆ ಇರುವುದಿಲ್ಲ ಎನ್ನುತ್ತಾಳೆ. ಮೂರು ವರ್ಷದಲ್ಲಿ ಕಚ್ಚಿಸಿಕೊಂಡದ್ದು ನಾಲ್ಕು ಸಲ. ದೀಪಾವಳಿಯ ಹೊತ್ತಿಗೆ ಹುಲ್ಲು ಬಲಿತು ಅದರ ಚೂಪು ಬೀಜಗಳು ಕುರಿನಾಯಿಗಳ ಕಿವಿಗೂ ಕಾಲ್ಬೆರಳ ಸಂದಿಗೂ ಇಳಿಯುತ್ತವೆ. ಆಗ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋಗಿ ವಾರವಿಡೀ ಇರುತ್ತಾಳೆ. ಬೆಳುಗುಪ್ಪದಿಂದಲೂ ಕುರಿಗಾಹಿಗಳು ನಾಯಿಗಳನ್ನು ಕರೆತರುತ್ತಾರೆ. ಅವರ ಹತ್ತಿರ ಕಾಸು ಮುಟ್ಟುವುದಿಲ್ಲ.

ಉಗ್ರಪ್ಪನಿಗೆ ಇದು ಸುಲಭವಾಗಿ ಒಗ್ಗಲಿಲ್ಲ. "ಕಂಬಳಿ ಮನೆ ಸೊಸೆ ಸಾವ್ಕಾರ್ರ ನಾಯಿ ತಲೆ ಬಾಚ್ತಾಳೆ ಅಂತ ಜನ ಆಡ್ಕಂತಾರೆ, ಮಂಡೀಲಿ ತಲೆ ಎತ್ತಂಗಿಲ್ಲ," ಎಂದು ಒಂದು ವರ್ಷ ಮುಖ ಊದಿಸಿಕೊಂಡಿದ್ದ. ಪೆದ್ದಕ್ಕ ಎದುರು ಮಾತಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಒಂದು ಸಲ ಸ್ಟೇಷನ್ ಮಾಸ್ತರರ ನಾಯಿ ಮರಿ ಹಾಕುವ ಹೊತ್ತಿಗೆ ಹೊಟ್ಟೆಯ ಕೂದಲು ಗಂಟುಕಟ್ಟಿ ಮೊಲೆಗಳೆಲ್ಲ ಮುಚ್ಚಿಹೋಗಿದ್ದವು. ಹುಟ್ಟಿದ ಮರಿಗಳು ಹಾಲು ಸಿಗದೆ ಕುಯ್ಯೋ ಎನ್ನುತ್ತಿದ್ದವು. ಅವತ್ತು ಹೆಂಡತಿಗೆ ಬುತ್ತಿ ಕೊಡಲು ಹೋದ ಉಗ್ರಪ್ಪ ಅಲ್ಲೇ ಕೂತುಬಿಟ್ಟ. ಆಕೆ ಗಂಟು ಬಿಡಿಸಿ ಒಂದೊಂದೇ ಮೊಲೆ ತೆರೆದು ಕೊಟ್ಟಂತೆ ಒಂದೊಂದೇ ಮರಿ ಬಾಯಿ ಹಾಕುವುದನ್ನು ನೋಡಿದ. ಆಮೇಲೆ ಎದ್ದು ಬಂದ. ಮಾರನೆಯ ವಾರ ಹುಣಸೆಮರದ ತುಂಡೊಂದನ್ನು ತಂದು, ಅಗಲ ಹಲ್ಲಿನ ಬಾಚಣಿಗೆಯನ್ನು ತಾನೇ ಕೆತ್ತಿ, ನಯವಾಗಿ ಉಜ್ಜಿ, ಆಕೆಯ ಎಣ್ಣೆ ಸೀಸೆಯ ಪಕ್ಕದಲ್ಲಿಟ್ಟ. "ಅವತ್ತಿಂದ ಆ ಮಾತು ಎತ್ತಿಲ್ಲ," ಎಂದು ಪೆದ್ದಕ್ಕ ನಗುತ್ತಾಳೆ.

ಕರ್ನಲ್‌ನ ಕಿವಿ ಈಗ ಚೊಕ್ಕಟ. ಅದು ಎದ್ದು ಮೈ ಕೊಡವುತ್ತದೆ. ಪೆದ್ದಕ್ಕ ಉದುರಿದ ಕೂದಲನ್ನು ಗುಡಿಸಿ, ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಹೋದ ವರ್ಷ ಹಿಂದೂಪುರದಲ್ಲಿ ಇಂಥ ನಾಯಿಗಳು ಹದಿಮೂರು ಇದ್ದವು. ಈಗ ಒಂಬತ್ತು. ಸೀಮೆಯ ದೊರೆಗಳೇ ಹೋದ ಮೇಲೆ ಹೊಸವು ಎಲ್ಲಿಂದ ಬರಬೇಕು? ಇವೂ ಮುಗಿದರೆ ಊರಲ್ಲಿ ಈ ಕೆಲಸವೇ ಇರುವುದಿಲ್ಲ. ಅದಕ್ಕೆ ಚಿಂತೆಯಿಲ್ಲವೇ ಎಂದರೆ ಆಕೆ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಕೆಲ್ಸ ಹೋಯ್ತದೆ, ಹೋಗ್ಲಿ ಬಿಡಪ್ಪ. ನಂದು ಒಂದೇ ಬೇಡಿಕೆ. ಕೊನೇ ನಾಯಿ ಕಣ್ಮುಚ್ಚೋಗಂಟ ನಾನಿರ್ಬೇಕು. ನಾನೇ ಮೊದ್ಲು ಹೋಗ್ಬುಟ್ರೆ, ಎಲ್ಲಿ ನೋಯ್ತದೆ ಅಂತ ಅದು ಯಾರ್ಗೆ ಹೇಳ್ಕಂತದೆ?"

ಮುಂದಿನ ಮನೆಗೆ ಹೊತ್ತಾಯಿತೆಂದು ಆಕೆ ಬಿರಬಿರನೆ ನಡೆದುಬಿಡುತ್ತಾಳೆ.