ಪದಕದ ಬೆನ್ನು

ಹಿತ್ತಾಳೆಗೆ ಹುಣಸೆಹುಳಿ ಹಚ್ಚಿ ಉಜ್ಜಿದಾಗ ಒಂದು ವಾಸನೆ ಬರುತ್ತದೆ. ನಾಲಿಗೆಯ ತುದಿಗೆ ನಾಣ್ಯ ಮುಟ್ಟಿಸಿಕೊಂಡ ಹಾಗಿರುತ್ತದೆ ಅದು. ಕಳೆದ ಭಾನುವಾರ ಪುಣೆಯ ಹಳೇ ಬಜಾರಿನಲ್ಲಿ ಆ ವಾಸನೆ ನನ್ನನ್ನು ಒಬ್ಬ ವ್ಯಾಪಾರಿಯ ಮುಂದೆ ತಂದು ನಿಲ್ಲಿಸಿತು. ಅವನ ತಟ್ಟೆಯಲ್ಲಿ ಕೀಲಿಯಿಲ್ಲದ ಬೀಗಗಳು, ಗಡಿಯಾರದ ಮುಳ್ಳುಗಳು, ಯಾರದೋ ಕನ್ನಡಕದ ಚೌಕಟ್ಟು. ಇವುಗಳ ನಡುವೆ ಒಂದು ಪದಕ. ಅದರ ಮೇಲೆ ಒಂದು ಸಿಂಹ, ಎರಡು ಕತ್ತಿ, ಮೇಲ್ಗಡೆ ದಪ್ಪ ಮೀಸೆಯ ಒಂದು ಮುಖ. ಇದು ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮನೆಯಿಂದ ಬಂದದ್ದು ಎಂದು ವ್ಯಾಪಾರಿ ತನ್ನ ತಾಯಿಯ ಮೇಲೆ ಆಣೆ ಮಾಡಿದ. ನಾನು ಪದಕವನ್ನು ತಿರುಗಿಸಿದೆ. ಪದಕ ಕೈಗೆ ಬಂದರೆ ಮೊದಲು ಬೆನ್ನು ನೋಡಬೇಕು ಎಂದು ನನಗೆ ಕಲಿಸಿದವರೊಬ್ಬರಿದ್ದರು. ಬೆನ್ನಿನ ಮೇಲಿದ್ದದ್ದನ್ನು ಯಾರೋ ಅರ ಹಾಕಿ, ಬಹಳ ಶ್ರಮಪಟ್ಟು, ಪೂರ್ತಿ ಉಜ್ಜಿ ಹಾಕಿದ್ದರು.

ಆ ಸಿಂಹ ನನಗೆ ಗೊತ್ತು. ಆ ಮೀಸೆಯೂ ಗೊತ್ತು. ಉಜ್ಜಿ ಹಾಕಿದ್ದು ಏನು ಎಂಬುದು ಕೂಡ ಸುಮಾರಾಗಿ ಗೊತ್ತು...

ಬಹಳ ವರ್ಷಗಳ ಹಿಂದೆ ನಾನು ಪುಣೆಯ ಪಕ್ಕದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತನಾಗಿದ್ದೆ. ಬ್ರಹ್ಮಚಾರಿ. ನನ್ನ ಕೋಣೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಪದಕದ ಕಾಕಾ ಇದ್ದರು. ಆಳಂದದ ಕಡೆಯವರು. ಹೆಂಡತಿ ಮಕ್ಕಳು ಊರಲ್ಲಿ, ಇಲ್ಲಿ ಅವರೂ ಪದಕ ಅಚ್ಚೊತ್ತುವ ಅವರ ಕೈ ಪ್ರೆಸ್ಸೂ. ಆ ಪ್ರೆಸ್ಸಿನ ಭಾರವಾದ ಹಿಡಿಕೆಯನ್ನು ಅವರು ಬೀಸಿ ತಿರುಗಿಸಿದರೆ ನನ್ನ ಗೋಡೆಯ ಕ್ಯಾಲೆಂಡರು ಒಮ್ಮೆ ಹಾರಿ ಕೂರುತ್ತಿತ್ತು. ಶಾಲೆಗಳ ಓಟದ ಪಂದ್ಯ, ಗರಡಿಮನೆಗಳ ಕುಸ್ತಿ, ಭಜನಾ ಸ್ಪರ್ಧೆ, ಯಾವುದಕ್ಕೆ ಬೇಕಾದರೂ ಪದಕ ಅಲ್ಲೇ ಹುಟ್ಟುತ್ತಿತ್ತು. ಜಗತ್ತಿನ ಅರ್ಧ ಶೌರ್ಯಕ್ಕೆ ನಾನೇ ಸೂಲಗಿತ್ತಿ ಎಂಬ ಗತ್ತು ಅವರ ಮುಖದಲ್ಲಿ ಇದ್ದೇ ಇತ್ತು.

ಅವರದೊಂದು ನಿಯಮ. ಬೆನ್ನು ಖಾಲಿ ಇರುವ ಪದಕ ಅವರ ಶೆಡ್ಡಿನ ಹೊಸಿಲು ದಾಟುತ್ತಿರಲಿಲ್ಲ. ಹಿಂದೆ ಯಾವಾಗಲೋ ಒಂದು ಕುಸ್ತಿಯ ಸಮಿತಿಗೆ ಖಾಲಿ ಬೆನ್ನಿನ ಆರು ಪದಕ ಕೊಟ್ಟಿದ್ದರಂತೆ. ಅಧ್ಯಕ್ಷರ ಷಡ್ಡಕ ಒಬ್ಬ, ಅಖಾಡದ ಮಣ್ಣನ್ನು ಕನಸಲ್ಲೂ ಕಾಣದವನು, ಆರೂ ಪದಕಗಳನ್ನು ತನ್ನ ಪಡಸಾಲೆಯಲ್ಲಿ ನೇತುಹಾಕಿದ್ದನ್ನು ಇವರು ಒಂದು ಮದುವೆಗೆ ಹೋದಾಗ ಕಣ್ಣಾರೆ ಕಂಡರು. ಅಂದು ಊಟ ಮಾಡದೆ ಎದ್ದು ಬಂದರಂತೆ. ಅಲ್ಲಿಂದ ಮುಂದೆ ಪ್ರತಿ ಪದಕದ ಹಿಂದೆ ಹೆಸರು, ಮಾಡಿದ ಕೆಲಸ, ಊರು ಈ ಮೂರೂ ಬೇಕೇ ಬೇಕು. ಒಂದೊಂದು ಅಕ್ಷರದ ಉಕ್ಕಿನ ಠಸೆಯನ್ನು ನಿಲ್ಲಿಸಿ ಸುತ್ತಿಗೆಯಿಂದ ಒಂದೇ ಏಟು. ಹೊಡೆದ ಅಕ್ಷರ ವಾಪಸು ಬರುವುದಿಲ್ಲ. ಆದ್ದರಿಂದ ಮೊದಲು ಒಂದು ನೋಟುಬುಕ್ಕಿನಲ್ಲಿ ಬರೆದು, ಪದಕ ಪಡೆಯುವವನಿಗೆ ತೋರಿಸಿ, ಅಕ್ಷರ ಸರಿಯಿವೆ ಎಂದು ಅವನಿಂದ ಸಹಿ ಹಾಕಿಸಿಕೊಳ್ಳುವುದು ಪದ್ಧತಿ.

ಇನ್ನು ಪಡೆಯ ವಿಷಯ. ಪಡೆಗೆ ದೊಡ್ಡದೊಂದು ಹೆಸರಿತ್ತು, ನಾವು ಬರೀ ಪಡೆ ಎನ್ನುತ್ತಿದ್ದೆವು. ಬೂದು ಬಣ್ಣದ ಅಂಗಿ, ಎದೆಗೆ ಕೈಯಿಟ್ಟು ಹೊಡೆಯುವ ಸಲಾಮು, ಒಬ್ಬ ನಾಯಕರು. ನಾಯಕರ ಮಾತಿಗೆ ಪಡೆಯಲ್ಲಿ ಎರಡನೆಯ ಮಾತಿರಲಿಲ್ಲ. ಚುನಾವಣೆ ಎಂಬುದು ದುರ್ಬಲರ ಚಟ ಎಂದು ಅವರು ಕಂಡುಹಿಡಿದಿದ್ದರು, ಎರಡು ಸಲ ಠೇವಣಿ ಕಳೆದುಕೊಂಡ ಮೇಲೆ. ಯುರೋಪಿನ ಒಬ್ಬ ಸರ್ವಾಧಿಕಾರಿಯ ಪಕ್ಷವು ತಾನು ಸೋತುಹೋದ ದಂಗೆಗೂ ಪದಕ ಮಾಡಿಸಿ ಹಂಚಿತ್ತೆಂದು ಅವರಿಗೆ ಯಾರೋ ಹೇಳಿದ್ದರು. ಅಂದಿನಿಂದ ಪಡೆಯಲ್ಲಿ ನಿಷ್ಠಾ ಪದಕ, ಸೇವಾ ಪದಕ, ಶೌರ್ಯ ಪದಕ ಎಂದು ಮೂರು ದರ್ಜೆಗಳು ಸ್ಥಾಪನೆಯಾದವು. ಸ್ವತಃ ನಾಯಕರ ಎದೆಯ ಮೇಲೆ ಏಳಿದ್ದವು. ಅವನ್ನು ಕೊಟ್ಟವರು ಯಾರು ಎಂದು ಕೇಳುವಂತಿರಲಿಲ್ಲ, ಏಕೆಂದರೆ ಕೊಡುವ ಅಧಿಕಾರ ಇದ್ದದ್ದು ಒಬ್ಬರಿಗೇ. ಶೌರ್ಯ ಪದಕ ಮಾತ್ರ ಯಾರಿಗೂ ಸಂದಿರಲಿಲ್ಲ. ಅದಕ್ಕೊಂದು ಯುದ್ಧ ಬೇಕಿತ್ತು.

ಯುದ್ಧ ಒದಗಿಸಿದವರು ನಮ್ಮ ಬೀದಿಯ ಹೋಟೆಲಿನ ಮಾಲಕರು. ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷ ಅಲ್ಲೇ ಇಡ್ಲಿ ಬೇಯಿಸಿದವರು. ನಾಯಕರ ಹುಟ್ಟುಹಬ್ಬಕ್ಕೆ ಅಂಗಡಿಗಳೆಲ್ಲ ಮುಚ್ಚಬೇಕೆಂದು ಪಡೆಯಿಂದ ಅಪ್ಪಣೆಯಾಯಿತು. ಮಾಲಕರು ಹಿಂದಿನ ದಿನವೇ ಹಿಟ್ಟು ರುಬ್ಬಿಸಿದ್ದರು. “ಹಿಟ್ಟು ಹುಳಿ ಬಂದು ಕೂತಿದೆ ಮಾರಾಯ್ರೆ. ಅದಕ್ಕೆ ಯಾರ ಹುಟ್ಟುಹಬ್ಬ ಅಂತ ನಾನು ಹೇಗೆ ಹೇಳುವುದು?” ಎಂದು, ಅಪ್ಪಣೆ ತಂದ ಹುಡುಗರಿಗೆ ನಗುತ್ತಲೇ ಅಂದರು. ಹುಡುಗರು ನಗಲಿಲ್ಲ.

ಬೆಳಿಗ್ಗೆ ಎಂಟರ ಹೊತ್ತಿಗೆ ಹನ್ನೊಂದು ಬೂದು ಅಂಗಿಗಳು ಒಳಗೆ ನುಗ್ಗಿದವು. ಮುಂದಿನ ಎರಡೂ ಗಾಜು ಹೋದವು, ತಿಂಡಿಯ ಕಪಾಟು ಹೋಯಿತು, ದುಡ್ಡಿನ ಗಲ್ಲೆಯ ಮೇಲಿದ್ದ ದೇವರ ಪಟವೂ ಹೋಯಿತು. ಒಬ್ಬನು ಒಲೆಯ ಪಕ್ಕದಲ್ಲಿದ್ದ ಸಾಂಬಾರಿನ ದೊಡ್ಡ ಪಾತ್ರೆಯನ್ನು ಒದ್ದ. ಅಡಿಗೆಯ ಅಜ್ಜ ಅದರ ಮುಂದೆ ನಿಂತಿದ್ದರು. ಅವರ ಎರಡೂ ಪಾದಗಳ ಚರ್ಮ... ಅವರು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಕುಂಟುವುದು ಅವರಿಗೆ ಕಡೆಯವರೆಗೂ ತಪ್ಪಲಿಲ್ಲ.

ಇದನ್ನೆಲ್ಲ ಇಷ್ಟು ವಿವರವಾಗಿ ನಾನು ಹೇಗೆ ಬಲ್ಲೆ ಎಂದರೆ, ನಾನು ಅಲ್ಲೇ ಇದ್ದೆ. ಮೂಲೆಯ ಮೇಜಿನ ಕೆಳಗೆ, ಅರ್ಧ ಇಡ್ಲಿ ಕೈಯಲ್ಲಿ ಹಿಡಿದುಕೊಂಡು.

ಮಾಲಕರು ಪೊಲೀಸರಿಗೆ ದೂರು ಕೊಟ್ಟರು. ನೋಡಿದವರು ಯಾರು ಎಂಬ ಪ್ರಶ್ನೆ ಬಂತು. ಅಂದು ತಿಂಡಿಗೆ ಬಂದಿದ್ದ ಹದಿನೈದಿಪ್ಪತ್ತು ಮಂದಿಯಲ್ಲಿ ಒಬ್ಬನೂ ಅಂದು ತಿಂಡಿ ತಿಂದಿರಲಿಲ್ಲ ಎಂದು ತಿಳಿದುಬಂತು. ಭೋಸರಿಯಲ್ಲಿ ಅಂಥ ಸಾಮೂಹಿಕ ಉಪವಾಸ ಹಿಂದೆ ನಡೆದಿರಲಿಲ್ಲ. ಪಡೆಯವರು ಅಂಥದ್ದೇನೂ ನಡೆದೇ ಇಲ್ಲ, ಅಜ್ಜ ತಾನೇ ಪಾತ್ರೆ ಬೀಳಿಸಿಕೊಂಡ ಎಂದರು. ಅಜ್ಜನಿಗೆ ತನ್ನ ಸುಟ್ಟ ಕಾಲಿಗಿಂತ ಆ ಮಾತೇ ಹೆಚ್ಚು ಉರಿಯಿತು. ನಲವತ್ತು ವರ್ಷದಲ್ಲಿ ಒಂದು ಸೌಟೂ ಕೈಜಾರದ ಮನುಷ್ಯ.

ಒಂದು ಮುಂಜಾನೆ ಕಾಕಾ ನನ್ನ ಬಾಗಿಲಿಗೆ ಬಂದರು. “ತಮ್ಮಾ, ನೀ ಅಲ್ಲೇ ಇದ್ದಿ ಅಂತಲ್ಲ. ಮಾಲಕರ ಕೂಡ ಹೋಗಿ ಒಂದ ಮಾತ ಹೇಳಿ ಬಾ.”

ನಾನು ನೌಕರಿ ಇನ್ನೂ ಕಾಯಂ ಆಗಿಲ್ಲ ಎಂದೆ. ಊರಲ್ಲಿ ತಾಯಿ ಒಬ್ಬರೇ ಎಂದೆ. ಮೇಜಿನ ಕೆಳಗಿಂದ ಸರಿಯಾಗಿ ಕಾಣುವುದಿಲ್ಲ ಎಂದೂ ಸೇರಿಸಿದೆನೆಂದು ತೋರುತ್ತದೆ. ಅವರು ಸಿಟ್ಟಾಗಲಿಲ್ಲ. “ಆತು ಬಿಡು” ಎಂದು ಹೆಗಲ ಮೇಲಿನ ಟಾವೆಲ್ಲು ಕೊಡವಿ ಶೆಡ್ಡಿಗೆ ಹೋದರು.

ಅದೇ ವಾರ ಪಡೆಯ ಕಾರ್ಯದರ್ಶಿ ಅವರ ಶೆಡ್ಡಿಗೆ ಬಂದ. ಕಡೆಗೂ ಯುದ್ಧವೊಂದು ಸಿಕ್ಕಿತ್ತಲ್ಲ, ಹನ್ನೊಂದು ಶೌರ್ಯ ಪದಕ ಆಗಬೇಕಿತ್ತು. ನಡೆದೇ ಇಲ್ಲದ ಘಟನೆಯಲ್ಲಿ ತೋರಿಸಿದ ಶೌರ್ಯಕ್ಕೆ ಪದಕ ಕೊಡುವುದರಲ್ಲಿ ಏನಾದರೂ ತೊಡಕಿದೆ ಎಂದು ಪಡೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಅವನು ತಂದ ಚಿತ್ರದಲ್ಲಿ ಸಿಂಹ ಚೆನ್ನಾಗಿ ಹಾಲು ಕುಡಿದ ಬೆಕ್ಕಿನಂತಿತ್ತು. ಕಾಕಾ ಚಿತ್ರವನ್ನು ಮೆಚ್ಚಿಕೊಂಡು, ತಮ್ಮ ಎಂದಿನ ಪ್ರಶ್ನೆ ಕೇಳಿದರು.

“ಹಿಂದ ಏನ ಬರೀಲಿರಿ, ಸಾಹೇಬ್ರ?”

ಏನೂ ಬೇಡ ಎಂದ ಅವನು ಮರಾಠಿಯಲ್ಲಿ. ಹಾಗಾದರೆ ಪದಕವೂ ಆಗುವುದಿಲ್ಲ ಎಂದರು ಇವರು, ಅಷ್ಟೇ ನಯವಾಗಿ. ಶೌರ್ಯಕ್ಕಾಗಿ ಎಂದು ಬರೆಯಿರಿ ಎಂದ. ಅದನ್ನು ಮುಂದಿನ ಕಡೆ ಸಿಂಹವೇ ಹೇಳುತ್ತದಲ್ಲ, ಹಿಂದೆ ಬೇಕಾದದ್ದು ಹೆಸರು, ಕೆಲಸ, ಊರು ಎಂದರು. ಜಿಲ್ಲೆಯಲ್ಲಿ ಬೇರೆ ಪ್ರೆಸ್ಸುಗಳಿದ್ದವು. ಆದರೆ ಸಮಾರಂಭಕ್ಕೆ ಉಳಿದಿದ್ದದ್ದು ಎಂಟೇ ದಿನ, ಹಿಂದೆ ಸೇವಾ ಪದಕಕ್ಕೆಂದು ಕೆತ್ತಿದ್ದ ನಾಯಕರ ಮೀಸೆಯ ಮುಖದ ಅಚ್ಚು ಇದ್ದದ್ದು ಕಾಕಾ ಒಬ್ಬರ ಬಳಿ. ಕಾರ್ಯದರ್ಶಿಗೆ ಹೊರಗೆ ಜೀಪು ಕಾಯುತ್ತಿತ್ತು. ಅವನು ಹನ್ನೊಂದು ಹೆಸರಿನ ಚೀಟಿ ಎಸೆದು, ಏನು ಮಾಡಿದರೆಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ ಎಂದು ಹೊರಟುಹೋದ. ಪಡೆಯ ಇತಿಹಾಸದಲ್ಲಿ ಕೆಳಗಿನವರನ್ನು ಕೇಳಿ ಬರೆಯಿರಿ ಎಂದು ಹೊರಟ ಮೊದಲ ಅಪ್ಪಣೆ ಅದು. ಕಡೆಯದೂ ಅದೇ.

ಕಾಕಾ ಅದನ್ನು ಅಕ್ಷರಶಃ ಪಾಲಿಸಿದರು. ನೋಟುಬುಕ್ಕು ಹಿಡಿದು ಹನ್ನೊಂದೂ ಮನೆಗೆ ಹೋದರು. ಹುಡುಗರಿಗೋ, ತಾವು ಮಾಡಿದ್ದನ್ನು ಹೇಳಿಕೊಳ್ಳಲು ಇಷ್ಟು ಗೌರವದಿಂದ ಕೇಳುವವರು ಸಿಕ್ಕಿರಲಿಲ್ಲ. ನಾನು ಗಾಜು ಒಡೆದೆ ಎಂದನೊಬ್ಬ, ಎರಡೂ ಗಾಜು ಎಂದು ಬರೆಯಿರಿ ಎಂದ. ದೇವರ ಪಟ ಒಡೆದವನು ಸ್ವಲ್ಪ ಅನುಮಾನಿಸಿದನಂತೆ, ಆಮೇಲೆ ಅದನ್ನೂ ಹೇಳಿದ. ಸಾಂಬಾರಿನವನು ಎದ್ದು ನಿಂತು ಒದ್ದು ತೋರಿಸಿದ. ಕಾಕಾ ಅವರವರ ಮಾತಿನಲ್ಲೇ ಬರೆದುಕೊಂಡು, ಪದ್ಧತಿಯ ಪ್ರಕಾರ ಪುಸ್ತಕವನ್ನು ತಿರುಗಿಸಿ ಹಿಡಿದರು: ಅಕ್ಷರ ಬರೋಬ್ಬರಿ ಅದಾವೇನು ನೋಡಿ ಸಹಿ ಮಾಡ್ರಿ. ಎಲ್ಲರೂ ತಮ್ಮ ತಮ್ಮ ಹೆಸರಿನ ಅಕ್ಷರಗಳನ್ನು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದರು. ಒಬ್ಬನು ತನ್ನ ಅಡ್ಡಹೆಸರಿನ ಒಂದು ದೀರ್ಘವನ್ನು ತಿದ್ದಿಸಿದ. ಹನ್ನೊಂದೂ ಸಹಿ ಬಿದ್ದವು.

ಸಮಾರಂಭಕ್ಕೆ ಬೀದಿಗೆ ಬೀದಿಯೇ ಬಂದಿತ್ತು. ಹುಡುಗರ ತಾಯಂದಿರು ಮುಂದಿನ ಸಾಲಿನಲ್ಲಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ಬಹುಮಾನ ಹಂಚುವಾಗ ಪದಕದ ಬೆನ್ನಿನ ಒಕ್ಕಣೆಯನ್ನು ಮೈಕಿನಲ್ಲಿ ಓದುವುದು ನಮ್ಮ ಕಡೆಯ ಎಲ್ಲ ಪಂದ್ಯಗಳಲ್ಲೂ ಇದ್ದ ರೂಢಿ. ಪಡೆಯ ಘೋಷಕ ಕುಸ್ತಿಯ ಕಣದಲ್ಲಿ ಪಳಗಿದವನು, ಪದಕ ಕೈಗೆ ಬಂದ ತಕ್ಷಣ ತಿರುಗಿಸಿ ಗಂಟಲೆತ್ತಿದ. ಇಂಥವನು, ಹೋಟೆಲಿನ ಎರಡೂ ಗಾಜು ಒಡೆದದ್ದಕ್ಕೆ, ಭೋಸರಿ. ಚಪ್ಪಾಳೆ ಬಿತ್ತು, ಅರ್ಧಕ್ಕೆ ನಿಂತಿತು. ಇಂಥವನು, ಗಲ್ಲೆಯ ಮೇಲಿದ್ದ ದೇವರ ಪಟ ಒಡೆದದ್ದಕ್ಕೆ, ಭೋಸರಿ. ಈಗ ಹಿಂದಿನಿಂದ ಯಾರೋ ನಕ್ಕರು. ಘೋಷಕನಿಗೆ ತಾನು ಏನು ಓದುತ್ತಿದ್ದೇನೆಂದು ಹೊಳೆಯುವಷ್ಟರಲ್ಲಿ ಮೂರನೆಯದೂ ಅವನ ಬಾಯಿಂದ ಹೊರಬಿದ್ದಿತ್ತು. ಇಂಥವನು, ಕುದಿಯುವ ಸಾಂಬಾರನ್ನು ಅಡಿಗೆಯ ಮುದುಕನ ಕಾಲ ಮೇಲೆ ಒದ್ದದ್ದಕ್ಕೆ...

ಯಾರೂ ನಗಲಿಲ್ಲ. ನಾಯಕರಿಗೆ ಕಿವಿ ಸ್ವಲ್ಪ ಮಂದ. ಅವರು ಗಂಭೀರವಾಗಿ ಪದಕ ಚುಚ್ಚಿ, ಹುಡುಗನ ಬೆನ್ನು ತಟ್ಟಿದರು. ಆಗ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಮೆಟ್ಟಿಲು ಹತ್ತಿ, ಮಗನ ಎದೆಯಿಂದ ಪದಕ ಬಿಚ್ಚಿಕೊಂಡು ಕೆಳಗಿಳಿದರು. ನೆಟ್ಟಗೆ ಹೋಟೆಲಿಗೆ ನಡೆದರು. ಹುಡುಗ ಹಿಂದೆ ಹಿಂದೆ ಹೋದ. ಅಡಿಗೆಯ ಅಜ್ಜನ ಮುಂದೆ ಅವರು ಕೂತದ್ದನ್ನೂ ಅಜ್ಜ ಅವರಿಗೆ ಚಹಾ ಕೊಡಿಸಿದ್ದನ್ನೂ ಮಾಲಕರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಉಳಿದ ಎಂಟು ಪದಕ ಅಂದು ಓದದೆಯೇ ಹಂಚಿಹೋದವು. ಅವನ್ನು ಯಾರೂ ಎದೆಯ ಮೇಲೆ ಧರಿಸಿದ್ದು ನಾನು ನೋಡಲಿಲ್ಲ.

ನೋಟುಬುಕ್ಕನ್ನು ಕಾಕಾ ಮಾಲಕರ ಕೈಗೆ ಕೊಟ್ಟಿದ್ದರು. ಹನ್ನೊಂದು ಸಹಿಗಳ ಮುಂದೆ, ಅಜ್ಜನೇ ಪಾತ್ರೆ ಬೀಳಿಸಿಕೊಂಡ ಎಂಬ ಮಾತು ನಿಲ್ಲಲಿಲ್ಲ. ಪಡೆಯೂ ಹೆಚ್ಚು ದಿನ ನಿಲ್ಲಲಿಲ್ಲ, ಆದರೆ ಕಾಕಾನ ಪ್ರೆಸ್ಸಿಗಿಂತ ಹೆಚ್ಚು ದಿನ ನಿಂತಿತು. ಸಮಾರಂಭವಾದ ನಾಲ್ಕನೆಯ ದಿನ ನಾನು ಕೆಲಸದಿಂದ ಬಂದಾಗ ಶೆಡ್ಡಿನ ಬಾಗಿಲು ಒಳಕ್ಕೆ ಬಿದ್ದಿತ್ತು. ಪ್ರೆಸ್ಸಿನ ತಿರುಪು ಮುರಿದಿತ್ತು. ಅಕ್ಷರದ ಠಸೆಗಳು ಗಟಾರದಲ್ಲಿದ್ದವು. ಕಾಕಾ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತೆಗೆದು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. ನಾನೂ ಕೂತು ಹೆಕ್ಕಿದೆ. ಅಷ್ಟು ಧೈರ್ಯ ನನ್ನಲ್ಲಿತ್ತು. ಸುತ್ತ ಯಾರೂ ಇರಲಿಲ್ಲ.

ಪ್ರೆಸ್ಸು ಹೋದ ಮೇಲೆ ಅವರು ಊರಿಗೆ ಹೊರಟರು, ಸ್ವಾರಗೇಟಿನ ಬಸ್ ನಿಲ್ದಾಣದವರೆಗೆ ಅವರ ಚೀಲ ಹೊತ್ತುಕೊಂಡು ಹೋದೆ. ಹೇಳಬೇಕಾದ ಒಂದು ಮಾತಿತ್ತು. ಆ ಮಾತನ್ನು ಬಿಟ್ಟು ಬಸ್ಸು, ಸೀಟು, ಸೊಲ್ಲಾಪುರದಲ್ಲಿ ಊಟ ಎಲ್ಲದರ ಬಗ್ಗೆ ಮಾತಾಡಿದೆ. ಕಿಟಕಿಯ ಪಕ್ಕ ಕೂತ ಮೇಲೆ ಅವರೇ ಹೇಳಿದರು.

“ಆ ಪುಸ್ತಕದಾಗ ಹನ್ನೆರಡನೇ ಹಾಳಿ ನಿಂದ ಅದ, ತಮ್ಮಾ. ಹೆಸರು ಬರದೀನಿ, ಊರ ಬರದೀನಿ. ಕೆಲಸ ಬರದಿಲ್ಲ. ನೀ ಹೇಳಿದ ಮ್ಯಾಗ ಬರಕೋಬೇಕಂತ ಬಿಟ್ಟೀನಿ.”

ಬಸ್ಸು ಹೊರಟಿತು. ಹೋಗಿ ಬರುತ್ತೇನೆ ಎಂದು ಎಷ್ಟು ಸಲ ಅಂದುಕೊಂಡರೂ ನಾನು ಆಳಂದಕ್ಕೆ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ವರ್ಷದ ಮೇಲೆ ಹೋಟೆಲಿನ ಗಲ್ಲೆಯಲ್ಲಿ ಸಿಕ್ಕಿತು. ಮಾಲಕರು ನೋಟುಬುಕ್ಕು ತೆಗೆದು ಹನ್ನೆರಡನೆಯ ಹಾಳೆ ತೋರಿಸಿದರು. ನಡುವಿನ ಗೆರೆ ಖಾಲಿಯಿತ್ತು. ಪೆನ್ನು ಕೊಡಲೇ ಎಂದು ಅವರು ಕೇಳಲಿಲ್ಲ, ನಾನೂ ಬೇಡಲಿಲ್ಲ...

ಹಳೇ ಬಜಾರಿನ ಪದಕವನ್ನು ಕೊಂಡುತಂದು ಸೋಮವಾರ ಒಂದು ಅಂಗಡಿಗೆ ಹೋದೆ. ಈಗ ಠಸೆಯಿಲ್ಲ, ಸುತ್ತಿಗೆಯಿಲ್ಲ. ಬೆಳಕಿನ ಒಂದು ಎಳೆ ಬಂದು ಬರೆದುಬಿಡುತ್ತದೆ, ಕ್ಯಾಲೆಂಡರು ಹಾರುವುದಿಲ್ಲ. ಯಂತ್ರದ ಮುಂದೆ ಕೂತಿದ್ದ ನಡುವಯಸ್ಸಿನ ಹೆಣ್ಣುಮಗಳು ಪದಕವನ್ನು ತಿರುಗಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

“ಮಾಗೆ ಕಾಯ್ ಲಿಹೂ, ಕಾಕಾ?”

ಹಿಂದೆ ಏನು ಬರೆಯಲಿ ಎಂದು ನನ್ನನ್ನು ಕೇಳಿದ್ದು. ಕಾಕಾ ಎಂದದ್ದೂ ನನ್ನನ್ನೇ. ನಾನು ಹೆಸರು ಹೇಳಿದೆ, ಊರು ಹೇಳಿದೆ. ಆಮೇಲೆ ನಡುವಿನ ಗೆರೆ ಹೇಳಿದೆ. ಮೇಜಿನ ಕೆಳಗಿದ್ದೆ, ಎಲ್ಲ ಕಂಡೆ, ಹೇಳಲಿಲ್ಲ. ಅವಳ ಬೆರಳು ಒಂದು ಗಳಿಗೆ ನಿಂತು ಮತ್ತೆ ಓಡಿತು. ಪರದೆಯನ್ನು ನನ್ನ ಕಡೆ ತಿರುಗಿಸಿ, ಅಕ್ಷರ ಸರಿಯಿದ್ದರೆ ಚೀಟಿಯ ಮೇಲೆ ಸಹಿ ಮಾಡಿ, ಆಮೇಲೆ ತಿದ್ದಲು ಬರುವುದಿಲ್ಲ ಎಂದಳು. ನಾನು ಹೆಸರನ್ನಷ್ಟೇ ಅಲ್ಲ, ಪೂರ್ತಿ ಓದಿದೆ. ಸಹಿ ಮಾಡಿದೆ.

ತೋರಿಸಿ ಬರೋಣವೆಂದರೆ ಕಾಕಾ ಇಲ್ಲ. ಅಜ್ಜನಿಲ್ಲ, ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲಿನ ಅಂಗಡಿ ಇದೆ. ಹೀಗಾಗಿ ಪದಕ ನಮ್ಮ ಮನೆಯಲ್ಲೇ, ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವ ಮೊಳೆಗೆ ತೂಗುತ್ತಿದೆ. ಸಿಂಹದ ಮುಖ ಗೋಡೆಯ ಕಡೆಗಿದೆ.